ಗುಡಿಸಿ ಒರೆಸುವ ರೋಬಾಟ್ ಕೊಳ್ಳುವ ಮುನ್ನ: ಅಳತೆ ಟೇಪಿನಿಂದ ಮೊದಲ ವಾರದ ಪರೀಕ್ಷೆಯವರೆಗೆ

ಕಸ ಹೀರುವುದರ ಜೊತೆಗೆ ನೆಲವನ್ನೂ ಒರೆಸುತ್ತದೆ ಎಂದು ಹೇಳಿಕೊಳ್ಳುವ ರೋಬಾಟ್‌ಗಳು ಇಂದು ಸುಮಾರು 15 ಸಾವಿರ ರೂಪಾಯಿಯಿಂದ ಹಿಡಿದು ಒಂದು ಲಕ್ಷ ದಾಟುವವರೆಗೆ ಎಲ್ಲ ಬೆಲೆಗಳಲ್ಲೂ ಸಿಗುತ್ತವೆ. ಪೆಟ್ಟಿಗೆಯಿಂದ ಹೊರತೆಗೆದಾಗ ಎಲ್ಲವೂ ದೊಡ್ಡ ದೋಸೆಕಾವಲಿಯಷ್ಟು ಅಗಲದ, ದುಂಡನೆಯ, ಒಂದೇ ತೆರನಾದ ಡಬ್ಬಿಗಳಂತೆ ಕಾಣುವುದರಿಂದ, ಆರೇಳು ಪಟ್ಟು ಬೆಲೆಯ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಅಂಗಡಿಯವರು ಹೀರುವ ಶಕ್ತಿಯ ಅಂಕಿಯನ್ನು ತೋರಿಸಿ ಮಾತು ಮುಗಿಸುತ್ತಾರೆ. ನನ್ನ ಅನುಭವದಲ್ಲಿ ಆ ಅಂಕಿ ನೋಡಬೇಕಾದ ಸಂಗತಿಗಳ ಸಾಲಿನಲ್ಲಿ ಐದನೆಯದೋ ಆರನೆಯದೋ ಆಗಬೇಕು. ಅದಕ್ಕೂ ಮೊದಲು ತಿಳಿಯಬೇಕಾದದ್ದು ನಿಮ್ಮ ಮನೆಯ ಹೊಸ್ತಿಲು ಎಷ್ಟು ಎತ್ತರವಿದೆ, ನಲ್ಲಿಯಲ್ಲಿ ಬರುವ ನೀರು ಎಂಥದು, ಒರೆಸುವ ಬಟ್ಟೆಯನ್ನು ಯಂತ್ರ ತಾನೇ ತೊಳೆದುಕೊಳ್ಳುತ್ತದೆಯೋ ಇಲ್ಲವೋ ಎಂಬ ಮೂರು ವಿಷಯಗಳು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯೊಳಗೇ ಅರ್ಧ ದಿನದ ಕೆಲಸವಿದೆ.

ಮೊದಲ ಹಂತ: ಅಳತೆ ಟೇಪು ಹಿಡಿದು ಮನೆಯೆಲ್ಲ ಸುತ್ತುವುದು

ಒಂದು ಕಾಗದದಲ್ಲಿ ಮನೆಯ ನಕ್ಷೆಯನ್ನು ಒರಟಾಗಿ ಬರೆದುಕೊಂಡು, ಪ್ರತಿ ಬಾಗಿಲಿನ ಬಳಿ ಹೊಸ್ತಿಲಿನ ಎತ್ತರವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ನಮೂದಿಸಿ. ಹೆಚ್ಚಿನ ರೋಬಾಟ್‌ಗಳು ಸುಮಾರು 2 ಸೆಂಟಿಮೀಟರ್, ಅಂದರೆ ಮುಕ್ಕಾಲು ಇಂಚಿನ ಉಬ್ಬನ್ನು ಮಾತ್ರ ಹತ್ತಿ ಇಳಿಯಬಲ್ಲವು. ಇತ್ತೀಚಿನ ಕೆಲವು ದುಬಾರಿ ಮಾದರಿಗಳು ಸಣ್ಣ ಕಾಲುಗಳನ್ನು ಊರಿ ಮೈಯನ್ನು ಎತ್ತಿಕೊಂಡು 4 ಸೆಂಟಿಮೀಟರಿಗೂ ಹೆಚ್ಚು ದಾಟುತ್ತವೆಯಾದರೂ, ಆ ಒಂದು ಸೌಲಭ್ಯಕ್ಕೆಂದೇ ಬೆಲೆ ಬಹಳ ಏರುತ್ತದೆ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಕೋಣೆಗಳ ನಡುವೆ ಹೊಸ್ತಿಲು ಇರುವುದಿಲ್ಲ. ತೊಡಕು ಬರುವುದು ದೇವರ ಮನೆಯ ಮೆಟ್ಟಿಲಿನಲ್ಲಿ ಮತ್ತು ಬಾಲ್ಕನಿಯ ಜಾರುಬಾಗಿಲಿನ ಹಳಿಯಲ್ಲಿ. ಹಳೆಯ ಮನೆಗಳ ಕಥೆ ಬೇರೆ. ಅಲ್ಲಿ ಪ್ರತಿ ಕೋಣೆಗೂ ಎರಡು ಮೂರು ಇಂಚಿನ ಮರದ ಹೊಸ್ತಿಲು ಇರುತ್ತದೆ, ಮತ್ತು ಹೆಚ್ಚಿನ ಯಾವ ರೋಬಾಟ್ ತಂದರೂ ಅದು ಒಂದು ಕೋಣೆಗೆ ಸೀಮಿತವಾಗಿಬಿಡುತ್ತದೆ. ಬಡಗಿಯವರಿಂದ ಇಳಿಜಾರಿನ ಮರದ ತುಂಡು ಮಾಡಿಸಿಕೊಳ್ಳಬಹುದು. 5 ಸೆಂಟಿಮೀಟರ್ ಎತ್ತರದ ಹೊಸ್ತಿಲಿಗೆ ಎರಡೂ ಬದಿಯಲ್ಲಿ ತಲಾ 20 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕಾಗುತ್ತದೆ, ಅದಕ್ಕಿಂತ ಕಡಿದಾದರೆ ಚಕ್ರ ಜಾರುತ್ತದೆ. ಆದರೆ ಕತ್ತಲಲ್ಲಿ ಓಡಾಡುವ ಹಿರಿಯರಿರುವ ಮನೆಯಲ್ಲಿ ಇಂಥ ತುಂಡುಗಳನ್ನು ಇಡುವುದನ್ನು ನಾನು ಒಪ್ಪುವುದಿಲ್ಲ. ಅಂಥ ಮನೆಗೆ ರೋಬಾಟ್ ಬೇಡವೆಂದು ತೀರ್ಮಾನಿಸಿದರೂ ಈ ಹಂತದ ಶ್ರಮ ಸಾರ್ಥಕವೇ.

ಮುಂಬಾಗಿಲಿನ ಹೊಸ್ತಿಲನ್ನು ಈ ಲೆಕ್ಕದಿಂದ ಪೂರ್ತಿ ಹೊರಗಿಡಿ. ಅರಿಶಿನ ಕುಂಕುಮ ಹಚ್ಚಿ ರಂಗೋಲಿ ಎಳೆದ ಜಾಗಕ್ಕೆ ಯಂತ್ರ ಹೋದರೆ ರಂಗೋಲಿಯ ಪುಡಿಯನ್ನೆಲ್ಲ ಹೀರಿ, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಹಜಾರದ ತುಂಬ ಎಳೆಯುತ್ತದೆ. ಒದ್ದೆಯಾದ ಕುಂಕುಮ ಬಿಳಿ ಟೈಲ್ಸಿನ ಸಂದಿಗೆ ಇಳಿದರೆ ಸುಲಭವಾಗಿ ಬಿಡುವುದಿಲ್ಲ.

ಮುಂದಿನ ಅಳತೆ ಪೀಠೋಪಕರಣಗಳದ್ದು. ತಲೆಯ ಮೇಲೆ ಸಣ್ಣ ಗೋಪುರದಂತೆ ಲಿಡಾರ್ (ಲೇಸರ್ ಬೆಳಕನ್ನು ಸುತ್ತಲೂ ಬೀಸಿ ದೂರ ಅಳೆಯುವ ಸಾಧನ) ಇರುವ ಯಂತ್ರಗಳ ಎತ್ತರ ಸುಮಾರು 9.5ರಿಂದ 10.5 ಸೆಂಟಿಮೀಟರ್, ಗೋಪುರವಿಲ್ಲದವು ಸುಮಾರು 8 ಸೆಂಟಿಮೀಟರ್. ಸೋಫಾ, ದಿವಾನ, ಮಂಚಗಳ ಕೆಳಗಿನ ತೆರಪನ್ನು ಅಳೆಯುವಾಗ ಅಂಚಿನಲ್ಲಿ ಮಾತ್ರ ಅಳೆಯದೆ ಒಳಗೆ ಕೈಚಾಚಿ ನೋಡಿ, ಏಕೆಂದರೆ ಸೋಫಾದ ಅಡಿಯ ಬಟ್ಟೆ ನಡುವೆ ಜೋತುಬಿದ್ದಿರುತ್ತದೆ. ಯಂತ್ರಕ್ಕಿಂತ ಕನಿಷ್ಠ 1 ಸೆಂಟಿಮೀಟರ್ ಹೆಚ್ಚು ತೆರಪಿಲ್ಲದಿದ್ದರೆ ಅದು ಒಳನುಗ್ಗಿ ಸಿಕ್ಕಿಕೊಳ್ಳುತ್ತದೆ, ಮತ್ತು ನೀವು ಕೋಲು ಹಿಡಿದು ನೆಲದ ಮೇಲೆ ಮಲಗಬೇಕಾಗುತ್ತದೆ.

ಮೂರನೆಯದಾಗಿ ನೆಲದ ಬಣ್ಣ. ಇದನ್ನು ಯಾರೂ ಹೇಳುವುದಿಲ್ಲ. ರೋಬಾಟಿನ ಹೊಟ್ಟೆಯಡಿಯಲ್ಲಿ ಮೆಟ್ಟಿಲಿನಿಂದ ಬೀಳದಂತೆ ತಡೆಯುವ ಸಂವೇದಕಗಳಿರುತ್ತವೆ. ಅವು ನೆಲದತ್ತ ಅವಗೆಂಪು ಬೆಳಕು ಬಿಟ್ಟು, ಅದು ಮರಳಿ ಬಂದರೆ ನೆಲವಿದೆ ಎಂದೂ, ಬಾರದಿದ್ದರೆ ಹಳ್ಳವಿದೆ ಎಂದೂ ತಿಳಿಯುತ್ತವೆ. ಕಡುಕಪ್ಪು ನೆಲ ಆ ಬೆಳಕನ್ನು ನುಂಗಿಬಿಡುತ್ತದೆ. ನಮ್ಮ ಮನೆಯ ಹಜಾರದ ಸುತ್ತ ಬಿಳಿ ಟೈಲ್ಸಿಗೆ ಅಂಚು ಕಟ್ಟಿದಂತೆ ಒಂದು ಗೇಣು ಅಗಲದ ಕಪ್ಪು ಗ್ರಾನೈಟ್ ಪಟ್ಟಿ ಇದೆ. ನಾನು ಮೊದಲು ತಂದ ಅಗ್ಗದ ಯಂತ್ರ ಆ ಪಟ್ಟಿಯ ಬಳಿ ಬಂದಾಗಲೆಲ್ಲ ಬಾವಿಯ ಕಟ್ಟೆ ಕಂಡ ಕರುವಿನಂತೆ ಹಿಂದೆ ಸರಿಯುತ್ತಿತ್ತು. ಮೂರು ದಿನ ಹಜಾರವನ್ನೇ ಸುತ್ತಿತೇ ಹೊರತು ಮಲಗುವ ಕೋಣೆಗೆ ಕಾಲಿಡಲಿಲ್ಲ. ಸಂವೇದಕಗಳ ಮೇಲೆ ಬಿಳಿ ಟೇಪು ಅಂಟಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಮೆಟ್ಟಿಲಿರುವ ಮನೆಯಲ್ಲಿ ಹಾಗೆ ಮಾಡಿದರೆ ಯಂತ್ರ ಉರುಳಿ ಕೆಳಗೆ ಬೀಳುವುದು ಖಂಡಿತ. ಕಡಪ ಕಲ್ಲು ಅಥವಾ ಕಪ್ಪು ಗ್ರಾನೈಟ್ ಹಾಕಿಸಿದವರು, ಹಿಂದಿರುಗಿಸುವ ಅವಕಾಶವಿರುವ ಕಡೆಯಿಂದಲೇ ಕೊಳ್ಳಬೇಕು.

ಇನ್ನು ನೆಲದ ಜಾತಿ. ವಿಟ್ರಿಫೈಡ್ ಟೈಲ್ಸ್ ಮತ್ತು ನುಣುಪು ಗ್ರಾನೈಟ್ ಇಂಥ ಯಂತ್ರಕ್ಕೆ ಹೇಳಿ ಮಾಡಿಸಿದ ನೆಲಗಳು. ರೆಡ್ ಆಕ್ಸೈಡ್ ನೆಲದ ಮೇಲೂ ಚೆನ್ನಾಗಿ ಓಡುತ್ತವೆ, ಆದರೆ ನೀರಿನ ಮಟ್ಟವನ್ನು ಅತ್ಯಂತ ಕಡಿಮೆಗೆ ಇಡಬೇಕು, ಇಲ್ಲದಿದ್ದರೆ ವರ್ಷಗಟ್ಟಲೆ ಎಣ್ಣೆ ಹಾಕಿ ಉಜ್ಜಿ ತಂದ ಹೊಳಪಿನ ಮೇಲೆ ಚಕ್ರದ ಗೆರೆಗಳು ಕಾಣುತ್ತವೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲನ್ನು ಪಾಲಿಶ್ ಮಾಡದೆ ಹಾಸಿದ್ದರೆ ಅದರ ಒರಟು ಮೈಗೆ ಬಟ್ಟೆಯ ಎಳೆಗಳು ಸಿಕ್ಕಿ ಕೀಳುತ್ತವೆ, ಅಗಲವಾದ ಸಂದಿಗಳಲ್ಲಿ ದೂಳು ಉಳಿಯುತ್ತದೆ. ಅಲ್ಲಿ ಒರೆಸುವ ಸೌಲಭ್ಯಕ್ಕೆ ಹಣ ಹಾಕುವುದಕ್ಕಿಂತ ಗುಡಿಸುವ ಸಾಮರ್ಥ್ಯಕ್ಕೆ ಹಾಕುವುದು ಮೇಲು.

ಎರಡನೆಯ ಹಂತ: ‘ಒರೆಸುವುದು’ ಎಂದರೆ ಏನೆಂದು ತೀರ್ಮಾನಿಸುವುದು

ನಮ್ಮಲ್ಲಿ ನೆಲ ಒರೆಸುವ ಕ್ರಮವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಬಕೆಟಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ನಾಲ್ಕು ಮಾರು ಒರೆಸಿ, ಮತ್ತೆ ಬಕೆಟಿಗೆ ಅದ್ದಿ ಹಿಂಡುತ್ತಾರೆ. ಎರಡು ಕೋಣೆ ಮುಗಿಯುವಷ್ಟರಲ್ಲಿ ನೀರು ಕಂದಾಗುತ್ತದೆ, ಅದನ್ನು ಚೆಲ್ಲಿ ಹೊಸ ನೀರು ಹಿಡಿಯುತ್ತಾರೆ. ನೆಲ ಚೊಕ್ಕಟವಾಗುವುದು ಬಟ್ಟೆ ಒದ್ದೆಯಾಗಿರುವುದರಿಂದಲ್ಲ, ಮತ್ತೆ ಮತ್ತೆ ಹಿಂಡುವುದರಿಂದ. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮಾರುಕಟ್ಟೆಯಲ್ಲಿರುವ ನಾಲ್ಕು ಬಗೆಯ ಯಂತ್ರಗಳನ್ನು ಸುಲಭವಾಗಿ ಬೇರ್ಪಡಿಸಬಹುದು.

ಅಗ್ಗದ ಬಗೆಯಲ್ಲಿ, ಯಂತ್ರದ ಹಿಂಭಾಗದಲ್ಲಿ ಅರ್ಧಚಂದ್ರಾಕಾರದ ಒಂದು ತಟ್ಟೆಗೆ ಬಟ್ಟೆ ಅಂಟಿಸಿರುತ್ತಾರೆ, ಮೇಲಿರುವ 200ರಿಂದ 300 ಮಿಲಿಲೀಟರಿನ ಸಣ್ಣ ಟ್ಯಾಂಕಿನಿಂದ ನೀರು ಅದಕ್ಕೆ ಜಿನುಗುತ್ತದೆ, ಯಂತ್ರ ಅದನ್ನು ಎಳೆದುಕೊಂಡು ಹೋಗುತ್ತದೆ. ಹಜಾರದಲ್ಲಿ ಹಿಡಿದ ಕೊಳೆಯನ್ನೇ ಅದೇ ಬಟ್ಟೆಯಲ್ಲಿ ಅಡುಗೆಮನೆಗೂ, ಅಲ್ಲಿಂದ ಮಲಗುವ ಕೋಣೆಗೂ ಒಯ್ಯುತ್ತದೆ. ನೆಲದ ಮೇಲಿನ ತೆಳುದೂಳನ್ನು ಹಿಡಿಯಲು ಇದು ಸಾಕು. ಬರಿಗಾಲಲ್ಲಿ ನಡೆದಾಗ ಅಂಗಾಲಿಗೆ ಹತ್ತುವ ನವಿರಾದ ದೂಳು ನಿಜಕ್ಕೂ ಹೋಗುತ್ತದೆ. ಚಹಾ ಚೆಲ್ಲಿ ಒಣಗಿದ ಕಲೆ ಮಾತ್ರ ಹಾಗೆಯೇ ಉಳಿಯುತ್ತದೆ. ಎರಡನೆಯ ಬಗೆ ಇದರ ಸುಧಾರಿತ ರೂಪ: ತಟ್ಟೆ ನಿಮಿಷಕ್ಕೆ ಸಾವಿರಾರು ಸಲ ಕಂಪಿಸಿ ನೆಲವನ್ನು ಉಜ್ಜುತ್ತದೆ. 2021ರಲ್ಲಿ ಬಂದ ರೋಬೊರಾಕ್ ಎಸ್7 ನಿಮಿಷಕ್ಕೆ 3,000 ಸಲ ಕಂಪಿಸುವುದಲ್ಲದೆ, ಜಮಖಾನ ಸಿಕ್ಕಾಗ ಬಟ್ಟೆಯನ್ನು 5 ಮಿಲಿಮೀಟರ್ ಮೇಲೆತ್ತಿಕೊಳ್ಳುತ್ತಿತ್ತು. ಉಜ್ಜುವಿಕೆ ಉತ್ತಮವಾದರೂ, ಬಟ್ಟೆ ತೊಳೆಯುವ ಡಾಕ್ (ಯಂತ್ರ ಹಿಂದಿರುಗಿ ಬಂದು ನಿಂತು ಚಾರ್ಜ್ ಆಗುವ ಪೆಟ್ಟಿಗೆ) ಜೊತೆಗಿಲ್ಲದಿದ್ದರೆ ಹಿಂಡದ ಬಟ್ಟೆಯ ಸಮಸ್ಯೆ ಇಲ್ಲಿಯೂ ಹಾಗೆಯೇ ಇರುತ್ತದೆ.

ಮೂರನೆಯ ಬಗೆಯಲ್ಲಿ ಎರಡು ದುಂಡು ಬಟ್ಟೆಗಳು ನೆಲವನ್ನು ಒತ್ತಿ ಗಿರಗಿರನೆ ತಿರುಗುತ್ತವೆ, ಮತ್ತು ಯಂತ್ರ ಹತ್ತು ಹದಿನೈದು ಚದರ ಮೀಟರ್ ಒರೆಸಿದ ಮೇಲೆ ತನ್ನ ಡಾಕಿಗೆ ಹಿಂದಿರುಗಿ ಅವುಗಳನ್ನು ತೊಳೆದು ಹಿಂಡಿಕೊಂಡು ಮತ್ತೆ ಹೊರಡುತ್ತದೆ. ಡಾಕಿನಲ್ಲಿ ಶುದ್ಧ ನೀರಿಗೊಂದು, ಕೊಳೆ ನೀರಿಗೊಂದು ಎಂದು ತಲಾ 3ರಿಂದ 4 ಲೀಟರಿನ ಎರಡು ಟ್ಯಾಂಕುಗಳಿರುತ್ತವೆ. ಒರೆಸಿ ಮುಗಿದ ಮೇಲೆ ಆ ಕೊಳೆ ನೀರಿನ ಟ್ಯಾಂಕನ್ನು ಬಚ್ಚಲಲ್ಲಿ ಬಗ್ಗಿಸಿದಾಗ ಕಾಣುವ ಬೂದುಬಣ್ಣದ ನೀರು, ಮೊದಲ ಎರಡು ಬಗೆಯ ಯಂತ್ರಗಳು ಎಷ್ಟನ್ನು ನೆಲದಲ್ಲೇ ಬಿಡುತ್ತಿದ್ದವು ಎಂಬುದಕ್ಕೆ ಸಾಕ್ಷಿ. ನಾಲ್ಕನೆಯದು ಲಟ್ಟಣಿಗೆಯಂತೆ ಉರುಳುವ ಬಟ್ಟೆಯ ರೋಲರ್; ಅದು ಉರುಳುತ್ತಿರುವಾಗಲೇ ಒಂದು ಕಡೆ ಶುದ್ಧ ನೀರು ಬಿದ್ದು ಇನ್ನೊಂದು ಕಡೆ ಕೊಳೆ ನೀರು ಕೆರೆದು ತೆಗೆಯಲ್ಪಡುವುದರಿಂದ ನೆಲಕ್ಕೆ ತಾಗುವ ಬಟ್ಟೆ ಬಹುಮಟ್ಟಿಗೆ ಚೊಕ್ಕಟವಾಗಿರುತ್ತದೆ. ಬೆಲೆಯೂ ಹಾಗೆಯೇ ಮೇಲಿನ ತುದಿಯಲ್ಲಿದೆ.

ನನ್ನ ತೀರ್ಮಾನ ಇಷ್ಟು. ಮನೆಗೆಲಸದವರು ವಾರದಲ್ಲಿ ಕೆಲವು ದಿನವಾದರೂ ಬಂದು ಒರೆಸುತ್ತಾರೆ, ನಡುವಿನ ದಿನಗಳಲ್ಲಿ ದೂಳು ಕೂರದಿದ್ದರೆ ಸಾಕು ಎನ್ನುವವರಿಗೆ 20 ಸಾವಿರದ ಆಸುಪಾಸಿನ ಎಳೆಯುವ ಬಟ್ಟೆಯ ಯಂತ್ರ ಸಾಕು. ಒರೆಸುವ ಕೆಲಸವನ್ನು ಪೂರ್ತಿಯಾಗಿ ಯಂತ್ರಕ್ಕೇ ಒಪ್ಪಿಸಬೇಕೆನ್ನುವವರು ತೊಳೆಯುವ ಡಾಕ್ ಇಲ್ಲದ ಯಾವುದನ್ನೂ ಕೊಳ್ಳಬಾರದು. ಇವೆರಡರ ನಡುವೆ 35 ಸಾವಿರದ ಸುತ್ತಮುತ್ತ, ಕಸವನ್ನು ಮಾತ್ರ ತಾನೇ ಖಾಲಿ ಮಾಡಿ ಬಟ್ಟೆಯನ್ನು ತೊಳೆಯದ ಡಾಕ್ ಇರುವ ಮಾದರಿಗಳಿವೆ. ಅತಿ ಹೆಚ್ಚು ಜನ ಮೋಸಹೋಗುವುದು ಅಲ್ಲಿಯೇ, ಏಕೆಂದರೆ ದೊಡ್ಡ ಡಾಕ್ ಕಂಡೊಡನೆ ಎಲ್ಲವನ್ನೂ ಅದೇ ಮಾಡುತ್ತದೆ ಎಂದು ಭಾವಿಸುತ್ತೇವೆ. ‘ಡಾಕಿನಲ್ಲಿ ನೀರಿನ ಟ್ಯಾಂಕುಗಳು ಎಷ್ಟಿವೆ?’ ಎಂದು ಕೇಳಿ. ಎರಡು ಎಂದರೆ ತೊಳೆಯುತ್ತದೆ, ಒಂದೂ ಇಲ್ಲವೆಂದರೆ ತೊಳೆಯುವುದಿಲ್ಲ.

ಕರಾವಳಿ ಮತ್ತು ಮಲೆನಾಡಿನವರಿಗೆ ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಹರಡಿದ ಬಟ್ಟೆಯೇ ಒಣಗದಿರುವಾಗ, ಡಾಕಿನೊಳಗೆ ಒದ್ದೆಯಾಗಿ ಕುಳಿತ ಬಟ್ಟೆ ಮರುದಿನಕ್ಕೆ ಮುಗ್ಗಲು ನಾರುತ್ತದೆ, ಮತ್ತು ಆ ವಾಸನೆ ಒರೆಸಿದ ನೆಲದಿಂದಲೂ ಬರುತ್ತದೆ. ಬಿಸಿ ಗಾಳಿಯಿಂದ ಎರಡು ಮೂರು ಗಂಟೆ ಒಣಗಿಸುವ ಸೌಲಭ್ಯವನ್ನು ಬಯಲುಸೀಮೆಯವರು ಬೇಡವೆನ್ನಬಹುದು, ಮಂಗಳೂರು ತೀರ್ಥಹಳ್ಳಿಗಳಲ್ಲಿ ಅದು ಅಗತ್ಯ. ಬರೀ ಗಾಳಿ ಮತ್ತು ಬಿಸಿ ಗಾಳಿ ಎರಡೂ ಬೇರೆ ಎಂಬುದನ್ನು ವಿವರಪಟ್ಟಿಯಲ್ಲಿ ನೋಡಿಕೊಳ್ಳಿ.

ಮೂರನೆಯ ಹಂತ: ನೀರಿನ ಪರೀಕ್ಷೆ

ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗೂ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುವ ಮನೆಗೂ ಈ ವಿಷಯದಲ್ಲಿ ಅಜಗಜಾಂತರವಿದೆ. ರೋಬಾಟಿನ ಒಳಗೆ ನೀರು ಹಾಯುವ ಕೊಳವೆಗಳು ಪೆನ್ನಿನ ರೀಫಿಲ್‌ನಷ್ಟು ಸಣ್ಣವು, ಪಂಪು ಇನ್ನೂ ನಾಜೂಕು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅವುಗಳೊಳಗೆ ಬಿಳಿ ಪದರವಾಗಿ ಕಟ್ಟಿಕೊಳ್ಳುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಗಡಸುತನದ ಅಪೇಕ್ಷಣೀಯ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದಾಗ ಒಪ್ಪಬಹುದಾದ ಮಿತಿ 600 ಮಿಲಿಗ್ರಾಂ. ನಗರದ ಹೊರವಲಯದ ಆಳವಾದ ಬೋರ್‌ವೆಲ್‌ಗಳ ನೀರು ಈ ಎರಡನೆಯ ಅಂಕಿಯ ಹತ್ತಿರವೋ ಆಚೆಗೋ ಇರುವುದು ಅಪರೂಪವಲ್ಲ. ಪರೀಕ್ಷಾ ಕಿಟ್ ಇಲ್ಲದಿದ್ದರೂ ಬಚ್ಚಲಿನ ನಲ್ಲಿಯ ಮೂತಿ ಮತ್ತು ಗೀಸರಿನ ಕಾಯಿಲ್ ನೋಡಿದರೆ ಸಾಕು, ಅಲ್ಲಿ ಬಿಳಿ ಹೆಕ್ಕಳೆ ಕಟ್ಟಿದ್ದರೆ ರೋಬಾಟಿನೊಳಗೂ ಕಟ್ಟುತ್ತದೆ.

ನಾನು ಇಲ್ಲಿ ಕೈ ಸುಟ್ಟುಕೊಂಡಿದ್ದೇನೆ. ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ಬಕೆಟಿನಲ್ಲಿ ಹಿಡಿದು ನೆಲ ಒರೆಸಲು ಬಳಸುವುದು ನಮ್ಮ ಮನೆಯ ರೂಢಿ. ಅದನ್ನೇ ರೋಬಾಟಿನ ಟ್ಯಾಂಕಿಗೂ ತುಂಬಿದೆ. ಶುದ್ಧೀಕರಣದಲ್ಲಿ ಬೇರ್ಪಟ್ಟ ಲವಣಗಳೆಲ್ಲ ಆ ನೀರಿನಲ್ಲಿ ಇನ್ನಷ್ಟು ಸಾಂದ್ರವಾಗಿರುತ್ತವೆ ಎಂಬುದು ಆಗ ಹೊಳೆಯಲಿಲ್ಲ. ಐದು ತಿಂಗಳಿಗೆ ಬಟ್ಟೆ ಒಣಗಿಯೇ ಓಡತೊಡಗಿತು. ಬಿಚ್ಚಿ ನೋಡಿದಾಗ ನೀರು ಬರುವ ತೂತಿನ ಬಾಯಲ್ಲಿ ಸುಣ್ಣದ ಕಾಳಿನಂಥದು ಕೂತಿತ್ತು. ಸೂಜಿಯಿಂದ ಚುಚ್ಚಿದರೆ ಪುಡಿಪುಡಿಯಾಗಿ ಉದುರಿತು, ಆದರೆ ಪಂಪು ಉಳಿಯಲಿಲ್ಲ. ನೀರಿನಿಂದಾದ ಹಾನಿಯೆಂದು ವಾರಂಟಿಯನ್ನೂ ಕೊಡಲಿಲ್ಲ.

ಆದ್ದರಿಂದ ನೀರು ಗಡಸಾಗಿದ್ದರೆ ಎರಡು ದಾರಿಗಳಿವೆ. ಎಳೆಯುವ ಬಟ್ಟೆಯ ಯಂತ್ರವಾದರೆ ದಿನಕ್ಕೆ ಬೇಕಾಗುವುದು ಕಾಲು ಲೀಟರ್ ಮಾತ್ರ, ಅದಕ್ಕೆ ಆರ್‌ಓದ ಶುದ್ಧ ನೀರನ್ನೇ ಹಾಕಬಹುದು. ತೊಳೆಯುವ ಡಾಕ್ ಆದರೆ ದಿನಕ್ಕೆ ಎರಡು ಮೂರು ಲೀಟರ್ ಬೇಕು. ಮೆದುನೀರಿನ ಘಟಕವಿರುವ ಅಪಾರ್ಟ್‌ಮೆಂಟಿನವರಿಗೆ ಚಿಂತೆಯಿಲ್ಲ, ಉಳಿದವರು ಮಳೆನೀರನ್ನೋ ಕಾವೇರಿ ನೀರನ್ನೋ ಪ್ರತ್ಯೇಕವಾಗಿ ಹಿಡಿದಿಡುವ ವ್ಯವಸ್ಥೆ ಯೋಚಿಸಬೇಕು. ಡಾಕನ್ನು ನೇರವಾಗಿ ನಲ್ಲಿಗೆ ಜೋಡಿಸುವ ಮಾದರಿಗಳನ್ನು ಗಡಸು ನೀರಿನ ಮನೆಗೆ ತರಲೇಬಾರದು. ಫಿನೈಲನ್ನು, ಅದು ಬಿಳಿಯಾಗಲಿ ಕಪ್ಪಾಗಲಿ, ಯಾವ ಟ್ಯಾಂಕಿಗೂ ಹಾಕಬೇಡಿ. ಬ್ಲೀಚಿಂಗ್ ದ್ರಾವಣವೂ ಬೇಡ, ಅವು ರಬ್ಬರ್ ಬಿರಡೆಗಳನ್ನು ತಿನ್ನುತ್ತವೆ. ಫಿನೈಲಿನ ವಾಸನೆ ಬಂದರೇ ಮನೆ ಒರೆಸಿದಂತೆ ಎಂದು ನಂಬಿರುವ ಹಿರಿಯರನ್ನು ಒಪ್ಪಿಸುವುದು ಯಂತ್ರ ಆರಿಸುವುದಕ್ಕಿಂತ ಕಷ್ಟದ ಕೆಲಸ.

ನಾಲ್ಕನೆಯ ಹಂತ: ದಾರಿ ಹುಡುಕುವ ಬಗೆ

2002ರಲ್ಲಿ ಅಮೆರಿಕದ ಐರೋಬಾಟ್ ಕಂಪನಿ ರೂಂಬಾ ಎಂಬ ಕಸ ಹೀರುವ ರೋಬಾಟನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ನಕ್ಷೆಯ ಕಲ್ಪನೆಯೇ ಇರಲಿಲ್ಲ. ಗೋಡೆಗೆ ಬಡಿದು ದಿಕ್ಕು ಬದಲಿಸುತ್ತ ಸಾಗುತ್ತಿತ್ತು. 2010ರಲ್ಲಿ ಬಂದ ನೀಟೊ ಯಂತ್ರ ತಿರುಗುವ ಲೇಸರನ್ನು ಮನೆಬಳಕೆಗೆ ತಂದಿತು, ಇಂದು 20 ಸಾವಿರದ ಯಂತ್ರಗಳಲ್ಲೂ ಅದು ಇದೆ. ಇದರಲ್ಲಿ ಹೆಚ್ಚು ಯೋಚಿಸಬೇಕಾದದ್ದಿಲ್ಲ: ಲಿಡಾರ್ ಇರುವುದನ್ನೇ ಕೊಳ್ಳಿ, ‘ಗೈರೊ’ (ಯಂತ್ರ ಎಷ್ಟು ತಿರುಗಿತೆಂದಷ್ಟೇ ಅಳೆಯುವ ಸಂವೇದಕ) ಎಂದಷ್ಟೇ ಬರೆದಿರುವುದನ್ನು ಬಿಡಿ. ಲಿಡಾರ್ ಕತ್ತಲಲ್ಲೂ ಕೆಲಸ ಮಾಡುತ್ತದೆ, ಮೊದಲ ಸುತ್ತಿನಲ್ಲೇ ಮನೆಯ ನಕ್ಷೆ ಬರೆಯುತ್ತದೆ, ಆ ನಕ್ಷೆಯ ಮೇಲೆ ದೇವರ ಮನೆ, ರಂಗೋಲಿ, ಬಚ್ಚಲಿನ ಬಾಗಿಲು ಮುಂತಾದ ಕಡೆ ನಿಷೇಧದ ಗೆರೆ ಎಳೆಯಬಹುದು. ನೆಲದವರೆಗೆ ಕನ್ನಡಿಯಿರುವ ವಾರ್ಡ್‌ರೋಬ್ ಇದ್ದರೆ ಮಾತ್ರ, ಕನ್ನಡಿಯೊಳಗಿನ ಕೋಣೆಯನ್ನೂ ನಿಜವೆಂದು ತಿಳಿದು ನಕ್ಷೆ ಕೆಡಿಸಿಕೊಳ್ಳುತ್ತದೆ. ಅಲ್ಲಿಯೂ ಒಂದು ಗೆರೆ ಎಳೆದರಾಯಿತು.

ಲಿಡಾರಿಗೆ ಕಾಣುವುದು ಅದರ ಎತ್ತರದಲ್ಲಿರುವ ವಸ್ತುಗಳು ಮಾತ್ರ. ನೆಲದ ಮೇಲೆ ಬಿದ್ದ ಚಾರ್ಜರ್ ವೈರು, ಮಗುವಿನ ಕಾಲುಚೀಲ, ಮುಡಿಯಿಂದ ಜಾರಿದ ಮಲ್ಲಿಗೆ ದಂಡೆ ಇವು ಕಾಣಬೇಕಾದರೆ ಮುಂಭಾಗದಲ್ಲಿ ಕ್ಯಾಮೆರಾ ಅಥವಾ ಗೆರೆ ಲೇಸರ್ (ಮುಂದೆ ಬೆಳಕಿನ ಗೆರೆ ಚೆಲ್ಲಿ ಅಡ್ಡಿಗಳನ್ನು ಗುರುತಿಸುವ ಸಾಧನ) ಬೇಕು. ನಾಯಿ ಸಾಕಿದವರಿಗೆ ಇದು ಕಡ್ಡಾಯ. ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಳ್ಳೆಬತ್ತಿಯ ತಟ್ಟೆ, ನೆಲದ ಮೇಲಿಟ್ಟ ದೀಪ, ಊದುಬತ್ತಿಯ ಕೆಂಡ ಇರುವ ಹೊತ್ತಿನಲ್ಲಿ ಯಾವ ರೋಬಾಟನ್ನೂ ಓಡಿಸಕೂಡದು. ಕಿಡಿಯೊಂದು ಕಸದ ಡಬ್ಬಿ ಸೇರಿದರೆ ಒಳಗಿರುವುದು ಕೂದಲು ಮತ್ತು ಒಣ ದೂಳು.

ಕ್ಯಾಮೆರಾ ಎಂದ ಮೇಲೆ ಒಂದು ಎಚ್ಚರಿಕೆ. ಮನೆಯೊಳಗೆ ರೋಬಾಟ್ ತೆಗೆದ ಖಾಸಗಿ ಚಿತ್ರಗಳು, ಅವುಗಳಲ್ಲಿ ಏನೇನಿದೆಯೆಂದು ಗುರುತು ಹಚ್ಚುವ ಗುತ್ತಿಗೆ ಕೆಲಸಗಾರರ ಕೈಯಿಂದ ಅಂತರ್ಜಾಲಕ್ಕೆ ಸೋರಿದ್ದನ್ನು 2022ರಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಬಯಲಿಗೆಳೆದಿತ್ತು. ಅವು ಪರೀಕ್ಷೆಗಾಗಿ ಒಪ್ಪಿಗೆ ಪಡೆದು ಕೊಟ್ಟಿದ್ದ ಯಂತ್ರಗಳು, ಅಂಗಡಿಯಲ್ಲಿ ಮಾರಿದವಲ್ಲ. ಆದರೂ ಬೆಡ್‌ರೂಮಿನಲ್ಲಿ ತಿರುಗುವ ಕ್ಯಾಮೆರಾ ಬೇಡವೆನಿಸುವವರು ಗೆರೆ ಲೇಸರಿನ ಮಾದರಿಯನ್ನು ಹುಡುಕಬಹುದು.

ಐದನೆಯ ಹಂತ: ಹೀರುವ ಶಕ್ತಿ ಮತ್ತು ಕೂದಲು

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ 5,000, 10,000, 20,000 ಪಾಸ್ಕಲ್ ಎಂಬ ಅಂಕಿಗಳು ಮೋಟಾರು ಉಂಟುಮಾಡಬಲ್ಲ ಗರಿಷ್ಠ ಒತ್ತಡದ ವ್ಯತ್ಯಾಸವನ್ನು ಹೇಳುತ್ತವೆಯೇ ಹೊರತು, ಬ್ರಷ್ಷಿನ ಬಳಿ ಎಷ್ಟು ಗಾಳಿ ಹರಿಯುತ್ತದೆ ಎಂಬುದನ್ನಲ್ಲ. ದಪ್ಪ ಕಾರ್ಪೆಟ್ಟಿನ ಆಳದಿಂದ ದೂಳು ಎಳೆಯಲು ಹೆಚ್ಚಿನ ಶಕ್ತಿ ನೆರವಾಗುತ್ತದೆ. ಟೈಲ್ಸಿನ ನೆಲಕ್ಕೆ 4,000 ಪಾಸ್ಕಲ್ ಇದ್ದರೆ ಧಾರಾಳವಾಯಿತು. ಅದರ ಮೇಲಿನ ಅಂಕಿಗಳಿಗೆ ಹಣ ಕೊಡುವ ಅಗತ್ಯ ನಮ್ಮ ಹೆಚ್ಚಿನ ಮನೆಗಳಿಗಿಲ್ಲ.

ನಮ್ಮ ಮನೆಗಳಿಗೆ ನಿಜವಾಗಿ ಬೇಕಾದದ್ದು ಕೂದಲು ಸುತ್ತಿಕೊಳ್ಳದ ಬ್ರಷ್. ಮೊಣಕಾಲುದ್ದದ ಜಡೆಯಿರುವ ಇಬ್ಬರಿದ್ದರೆ, ಎಣ್ಣೆ ಹಚ್ಚಿದ ಕೂದಲು ಸಾಮಾನ್ಯ ಬಿರುಗೂದಲಿನ ಬ್ರಷ್ಷಿಗೆ ಸುತ್ತಿ ವಾರದೊಳಗೆ ಹಗ್ಗವಾಗುತ್ತದೆ. ಬ್ರಷ್ಷಿನ ಎರಡು ತುದಿಯ ಬೇರಿಂಗಿನೊಳಗೆ ಕೂದಲು ಹೊಕ್ಕರೆ ಅದು ಬಿಸಿಯಾಗಿ ಪ್ಲಾಸ್ಟಿಕ್ ಕರಗುವುದೂ ಉಂಟು. ಪೂರ್ತಿ ರಬ್ಬರಿನದು, ಅಥವಾ ಒಂದು ತುದಿ ತೆರೆದು ಮೊನೆಯಂತಿರುವುದು, ಅಥವಾ ಒಳಗೇ ಕೂದಲು ಕತ್ತರಿಸುವ ಹಲ್ಲುಗಳಿರುವುದು, ಈ ಮೂರರಲ್ಲಿ ಒಂದನ್ನು ಆರಿಸಿ. ಅಂಗಡಿಯಲ್ಲಿ ಯಂತ್ರವನ್ನು ಮಗುಚಿ ಬ್ರಷ್ಷನ್ನು ನಿಮ್ಮ ಕೈಯಿಂದಲೇ ಬಿಚ್ಚಿ ಹಾಕಿ ನೋಡಿ. ಸ್ಕ್ರೂಡ್ರೈವರ್ ಬೇಕೆಂದರೆ ಬಿಟ್ಟುಬಿಡಿ.

ಆರನೆಯ ಹಂತ: ಡಾಕ್ ಇಡುವ ಜಾಗ, ಕರೆಂಟು, ವೈಫೈ

ತೊಳೆಯುವ ಡಾಕ್ ಎಂದರೆ ಸುಮಾರು ಒಂದೂವರೆ ಅಡಿ ಎತ್ತರದ ಪೆಟ್ಟಿಗೆ. ಅದರ ಎರಡೂ ಬದಿಗೆ ಅರ್ಧ ಮೀಟರ್, ಮುಂದೆ ಒಂದೂವರೆ ಮೀಟರ್ ತೆರವು ಬಿಡಬೇಕೆಂದು ಹಲವು ಕೈಪಿಡಿಗಳು ಹೇಳುತ್ತವೆ. ಹೊಸ ಮಾದರಿಗಳು ಇಷ್ಟು ಕೇಳುವುದಿಲ್ಲ. ಬಚ್ಚಲಿಗೆ ಹತ್ತಿರವಾದಷ್ಟೂ ನೀರು ಹೊರುವ ಶ್ರಮ ಕಡಿಮೆ. ಆದರೆ ನೀರು ಸಿಡಿಯುವ ಕಡೆ, ಬಿಸಿಲು ನೇರವಾಗಿ ಬೀಳುವ ಕಡೆ ಇಡಬಾರದು. ಕಸ ಖಾಲಿ ಮಾಡುವ ಹತ್ತು ಹದಿನೈದು ಸೆಕೆಂಡುಗಳ ಕಾಲ ಮಿಕ್ಸಿಯಂತೆ ಅಬ್ಬರಿಸುವುದರಿಂದ ತೊಟ್ಟಿಲ ಕೋಣೆಯ ಪಕ್ಕವೂ ಸಲ್ಲದು.

ವಿದ್ಯುತ್ ಖರ್ಚಿನ ಬಗ್ಗೆ ಅನೇಕರು ಕೇಳುತ್ತಾರೆ, ಲೆಕ್ಕ ಸರಳವಿದೆ. 14.4 ವೋಲ್ಟಿನ 5,200 ಎಂಎಎಚ್ ಬ್ಯಾಟರಿಯಲ್ಲಿ ತುಂಬುವುದು 75 ವ್ಯಾಟ್-ಗಂಟೆ. ಚಾರ್ಜರಿನಲ್ಲಿ ಆಗುವ ನಷ್ಟ ಸೇರಿಸಿದರೂ ಒಂದು ಪೂರ್ಣ ಚಾರ್ಜಿಗೆ ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗ, ಅಂದರೆ ಒಂದು ರೂಪಾಯಿಗೂ ಕಡಿಮೆ. ಬಟ್ಟೆ ಒಣಗಿಸುವ ಮತ್ತು ನೀರು ಕಾಯಿಸುವ ಡಾಕ್ ಇದಕ್ಕಿಂತ ಹೆಚ್ಚು ಎಳೆಯುತ್ತದೆ. ಅಷ್ಟೇ ಬ್ಯಾಟರಿಯಲ್ಲಿ ಯಂತ್ರ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಚದರ ಮೀಟರಿನಂತೆ ಗುಡಿಸುವುದರಿಂದ, 1,200 ಚದರ ಅಡಿಯ ಮನೆ ಪೀಠೋಪಕರಣ ಕಳೆದು ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಹೆಚ್ಚಿನ ರೋಬಾಟ್‌ಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಎರಡೂ ತರಂಗಗಳಿಗೆ ಒಂದೇ ಹೆಸರಿಟ್ಟಿರುವ ರೂಟರ್‌ಗಳಲ್ಲಿ ಕೆಲವೊಮ್ಮೆ ಜೋಡಣೆಯಾಗುವುದೇ ಇಲ್ಲ. ಹಾಗಾದಾಗ ಹೆಸರುಗಳನ್ನು ಬೇರೆ ಮಾಡಿದರೆ ಸರಿಹೋಗುತ್ತದೆ.

ಅಮೆರಿಕದಲ್ಲಿರುವ ಮಗಳೋ ಅಳಿಯನೋ ಅರ್ಧ ಬೆಲೆಗೆ ಸಿಕ್ಕಿತೆಂದು ಅಲ್ಲಿಂದ ತಂದುಕೊಡುವ ಯಂತ್ರಗಳ ವಿಷಯದಲ್ಲಿ ಜಾಗರೂಕರಾಗಿರಿ. ಅಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮದು 230. ಸಣ್ಣ ಚಾರ್ಜಿಂಗ್ ಅಡಾಪ್ಟರ್ ಎರಡಕ್ಕೂ ಒಗ್ಗಬಹುದು, ಕಸ ಖಾಲಿ ಮಾಡುವ ಡಾಕಿನ ಮೋಟಾರು ಬಹುತೇಕ ಒಗ್ಗುವುದಿಲ್ಲ. ಡಾಕಿನ ಅಡಿಯಲ್ಲಿರುವ ಚೀಟಿಯ ಫೋಟೋ ಕಳಿಸಲು ಹೇಳಿ, ‘100-240’ ಎಂದಿದ್ದರೆ ಮಾತ್ರ ತರಲು ಹೇಳಿ. ವಾರಂಟಿ ಇಲ್ಲಿ ನಡೆಯುವುದಿಲ್ಲ, ಕೆಲವು ತಯಾರಕರ ಆ್ಯಪ್ ಬೇರೆ ದೇಶದ ಯಂತ್ರವನ್ನು ಜೋಡಿಸಿಕೊಳ್ಳುವುದೂ ಇಲ್ಲ.

ಏಳನೆಯ ಹಂತ: ಬಿಡಿಭಾಗ ಮತ್ತು ಸರ್ವಿಸ್

ಶಿಯೋಮಿ, ಇಕೋವ್ಯಾಕ್ಸ್, ಡ್ರೀಮಿ, ಯುರೇಕಾ ಫೋರ್ಬ್ಸ್, ಮಿಲಾಗ್ರೋ ಹೀಗೆ ಹಲವು ಹೆಸರುಗಳು ಇಲ್ಲಿ ಸಿಗುತ್ತವೆ. ಯಾವುದು ಉತ್ತಮ ಎಂದು ಕೇಳುವ ಮೊದಲು, ನಿಮ್ಮ ಊರಿನ ಪಿನ್‌ಕೋಡ್ ಹೇಳಿ ಮನೆಗೆ ಬಂದು ರಿಪೇರಿ ಮಾಡುತ್ತಾರೆಯೋ, ಕೊರಿಯರ್‌ನಲ್ಲಿ ಕಳಿಸಬೇಕೋ ಎಂದು ಅವರ ಸಹಾಯವಾಣಿಯಲ್ಲಿ ಕೇಳಿ. ಬೆಂಗಳೂರಿನಲ್ಲಿ ಸಿಗುವ ಉತ್ತರ ಹಾವೇರಿಗೋ ಚಿಂತಾಮಣಿಗೋ ಸಿಗುವುದಿಲ್ಲ. ಹತ್ತು ಕೆಜಿ ತೂಗುವ ಡಾಕನ್ನು ಥರ್ಮಾಕೋಲಿನಲ್ಲಿ ಸುತ್ತಿ ಕೊರಿಯರ್ ಆಫೀಸಿಗೆ ಹೊರುವ ಕಷ್ಟ, ಹೊತ್ತವರಿಗೇ ಗೊತ್ತು.

ಫಿಲ್ಟರ್ ಮತ್ತು ಬದಿಯ ಬ್ರಷ್ ಮೂರರಿಂದ ಆರು ತಿಂಗಳು, ಮುಖ್ಯ ಬ್ರಷ್ ಆರು ತಿಂಗಳಿಂದ ಒಂದು ವರ್ಷ, ಒರೆಸುವ ಬಟ್ಟೆ ಎರಡು ಮೂರು ತಿಂಗಳು ಬಾಳುತ್ತವೆ. ಡಾಕಿನ ಕಸದ ಚೀಲ 60 ದಿನ ಬರುತ್ತದೆ ಎಂಬ ಮಾತನ್ನು ರಸ್ತೆಬದಿಯ ಮನೆಯವರು ನಂಬಬೇಡಿ. ನಮ್ಮ ಮನೆಯಲ್ಲಿ ಬೇಸಿಗೆಯಲ್ಲಿ ಒಂದು ಚೀಲ 25 ದಿನ ದಾಟುವುದಿಲ್ಲ. ಎಲ್ಲ ಸೇರಿ ವರ್ಷಕ್ಕೆ ನಾಲ್ಕೈದು ಸಾವಿರ ರೂಪಾಯಿ ತೆಗೆದಿಡಿ. ಈ ಬಿಡಿಭಾಗಗಳೆಲ್ಲ ಕೊಳ್ಳುವ ದಿನವೇ ಮಾರಾಟದಲ್ಲಿ ಇವೆಯೇ ಎಂದು ಹುಡುಕಿ ನೋಡಿ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ, ಅದು ಬಿಡಿಯಾಗಿ ಸಿಗದ ಮಾದರಿ ಎಷ್ಟೇ ಅಗ್ಗವಾದರೂ ದುಬಾರಿಯೇ.

ಎಂಟನೆಯ ಹಂತ: ಮೊದಲ ವಾರದ ಪರೀಕ್ಷೆ

ಆನ್‌ಲೈನಿನಲ್ಲಿ ಕೊಂಡರೆ ಬದಲಾಯಿಸಿಕೊಳ್ಳಲು ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳ ಅವಕಾಶ ಇರುತ್ತದೆ, ಅಷ್ಟರಲ್ಲಿ ಎಲ್ಲ ಪರೀಕ್ಷೆಗಳೂ ಮುಗಿಯಬೇಕು. ಮೊದಲ ದಿನ ನೆಲದ ಮೇಲಿನದ್ದನ್ನೆಲ್ಲ ಎತ್ತಿಟ್ಟು, ಎಲ್ಲ ಬಾಗಿಲು ತೆರೆದು, ಒರೆಸದೆ ಬರೀ ನಕ್ಷೆಗಾಗಿ ಓಡಿಸಿ. ಎರಡನೆಯ ದಿನ ಒಂದು ಚಮಚ ರವೆಯನ್ನು ಗೋಡೆಯ ಮೂಲೆಯಲ್ಲೂ ಇನ್ನೊಂದನ್ನು ನಡುವೆಯೂ ಉದುರಿಸಿ ಗುಡಿಸಲು ಬಿಡಿ. ಮೂಲೆಯಲ್ಲಿ ಸ್ವಲ್ಪ ಉಳಿಯುವುದು ಸಹಜ, ನಡುವೆ ಉಳಿದರೆ ದೋಷವಿದೆ. ಮೂರನೆಯ ದಿನ ಒರೆಸುವ ಸರದಿ: ಒಂದು ಹನಿ ಕಾಫಿ ಡಿಕಾಕ್ಷನ್, ಒಂದು ಹನಿ ಸಾರು, ಅಂಗೈಯಗಲದಷ್ಟು ಒಗ್ಗರಣೆ ಎಣ್ಣೆಯ ಜಿಡ್ಡು ಇವುಗಳನ್ನು ಟೈಲ್ಸಿನ ಮೇಲೆ ಹಾಕಿ ಎರಡು ಗಂಟೆ ಒಣಗಲು ಬಿಟ್ಟು ಯಂತ್ರವನ್ನು ಕಳಿಸಿ. ತಿರುಗುವ ಬಟ್ಟೆಯ ಯಂತ್ರ ಕಾಫಿ ಮತ್ತು ಸಾರನ್ನು ಎರಡು ಸುತ್ತಿನಲ್ಲಿ ತೆಗೆಯಬೇಕು. ಜಿಡ್ಡನ್ನು ಯಾವ ಯಂತ್ರವೂ ಪೂರ್ತಿ ತೆಗೆಯುವುದಿಲ್ಲ, ಒಲೆಯ ಮುಂದಿನ ಎರಡು ಮಾರು ಜಾಗ ಕೈಯಿಂದಲೇ ಒರೆಸುವ ಜಾಗವಾಗಿ ಉಳಿಯುತ್ತದೆ. ಆಮೇಲೆ ಬಿಳಿ ಕರವಸ್ತ್ರವೊಂದನ್ನು ಒದ್ದೆ ಮಾಡಿ ಒರೆಸಿದ ನೆಲದ ಮೇಲೆ ಒಂದಡಿ ಉಜ್ಜಿ ನೋಡಿ.

ನಾಲ್ಕನೆಯ ದಿನ ಅದು ಓಡುತ್ತಿರುವಾಗಲೇ ಡಾಕಿನ ಸ್ವಿಚ್ ಆರಿಸಿ, ಅರ್ಧ ಗಂಟೆ ಬಿಟ್ಟು ಹಾಕಿ. ಕರೆಂಟು ಹೋಗಿ ಬಂದಾಗ ನಕ್ಷೆಯನ್ನು ಮರೆಯದೆ, ಡಾಕನ್ನು ತಾನಾಗಿ ಹುಡುಕಿ ಸೇರುತ್ತದೆಯೇ ಎಂಬುದು ನಮ್ಮ ಊರುಗಳಲ್ಲಿ ವಾರಕ್ಕೊಮ್ಮೆಯಾದರೂ ಎದುರಾಗುವ ಪರೀಕ್ಷೆ. ಉಳಿದ ದಿನಗಳಲ್ಲಿ ಮಾಮೂಲಿನಂತೆ ಓಡಿಸಿ, ಎಲ್ಲೆಲ್ಲಿ ಸಿಕ್ಕಿಕೊಂಡಿತೆಂದು ಮೊದಲ ಹಂತದಲ್ಲಿ ಬರೆದ ನಕ್ಷೆಯ ಮೇಲೆಯೇ ಗುರುತು ಮಾಡುತ್ತ ಹೋಗಿ. ಒಂದೇ ಜಾಗದಲ್ಲಿ ಮೂರು ಗುರುತು ಬಿದ್ದು, ಅಲ್ಲಿ ನಿಷೇಧದ ಗೆರೆ ಎಳೆದರೆ ಒಂದು ಇಡೀ ಕೋಣೆ ತಪ್ಪಿಹೋಗುವಂತಿದ್ದರೆ, ಯಂತ್ರವನ್ನು ಹಿಂದಿರುಗಿಸಿ. ಅದಕ್ಕಾಗಿ ಪೆಟ್ಟಿಗೆ, ಥರ್ಮಾಕೋಲು, ಟ್ಯಾಂಕಿಗೆ ಅಂಟಿಸಿದ್ದ ಟೇಪಿನ ತುಂಡುಗಳವರೆಗೆ ಎಲ್ಲವನ್ನೂ ಹತ್ತನೆಯ ದಿನದವರೆಗೆ ಅಟ್ಟದ ಮೇಲೆ ಇಟ್ಟಿರಿ.